ವಾಟ್ಸ್ಯಾಪಿಗೆ ಬಂದ ಯುದ್ಧ ಗೇಮಿಂದಾ ನಿಜದ್ದಾ? ಗುರ್ತ ಹಿಡಿಯೋದು ಯಾಕ ಕಷ್ಟ ಅಂದ್ರ

2025ರ ಮೇ ಮೊದಲನೇ ವಾರ, ಪಾಕಿಸ್ತಾನದ ಜೊತಿ ಯುದ್ಧ ಆಗ್ತದ ಅನ್ನೋ ಮಾತು ನಡೆದಾಗ, ಕೇಂದ್ರ ಗೃಹ ಇಲಾಖೆಯವ್ರು ದೇಶದ ತುಂಬ ಸಿವಿಲ್ ಡಿಫೆನ್ಸ್ ಮಾಕ್ ಡ್ರಿಲ್ ಮಾಡ್ರಿ ಅಂತ ಹೇಳಿದ್ರಲ್ಲ, ಆ ಪಟ್ಟಿಯೊಳಗ ಕರ್ನಾಟಕದ್ದು ಅಂತ ಇದ್ದಿದ್ದು ಬೆಂಗಳೂರು, ಕಾರವಾರ, ಮತ್ತ ನಮ್ಮ ರಾಯಚೂರು. ಗಡಿ ಇಲ್ಲಿಂದ ಸಾವಿರ ಕಿಲೋಮೀಟರಿಗಿಂತ ದೂರ ಅದ, ಆದ್ರೂ ಶಕ್ತಿನಗರದಾಗ ಕೃಷ್ಣಾ ನದಿ ದಂಡಿಗೆ 1720 ಮೆಗಾವ್ಯಾಟಿನ ಆರ್‌ಟಿಪಿಎಸ್ ವಿದ್ಯುತ್ ಸ್ಥಾವರ ನಿಂತದ, ಯುದ್ಧ ಅಂದ್ರ ಕರೆಂಟ್ ತಯಾರಾಗೋ ಜಾಗದ ಮ್ಯಾಲ ಮೊದಲ ಕಣ್ಣು ಬೀಳ್ತದ ಅನ್ನೋದು ಎಲ್ಲಾರಿಗೂ ಗೊತ್ತಿರೋ ಮಾತು. ಹಂಗಾಗಿ ಆ ವಾರ ಯುದ್ಧ ನಮಗ ಎಲ್ಲೋ ದೂರದ್ದು ಅನಿಸಿರ್ಲಿಲ್ಲ, ತೀನ್ ಕಂದೀಲ್ ಕಡೆ ಹೋಟೆಲಿನಾಗ ಒಗ್ಗರಣಿ ಮಿರ್ಚಿ ತಿನ್ಕೋತ ಕುಂತವ್ರು ಸೈತ ಫೋನ್ ಒಬ್ಬರಿಂದ ಒಬ್ಬರಿಗೆ ದಾಟಿಸಿ "ಇದು ನೋಡ್ರಿ, ನಿನ್ನಿ ರಾತ್ರಿದಂತ" ಅಂತ ವಿಡಿಯೋ ತೋರಿಸ್ತಿದ್ರು, ಮಗ ಸೈನ್ಯದಾಗ ಇರೋ ಮನಿಯವ್ರಂತೂ ಅವೇ ವಿಡಿಯೋನ ಜೀವ ಕೈಯಾಗ ಹಿಡ್ಕೊಂಡು ನೋಡ್ತಿದ್ರು.

ಆ ವಿಡಿಯೋಗಳೊಳಗ ಒಂದು ಥರದ್ದು ಮತ್ತ ಮತ್ತ ಬರ್ತಿತ್ತು. ಕಪ್ಪನ್ನ ಆಕಾಶ, ನೆಲದಿಂದ ಕೆಂಪಗ ಗೆರಿ ಎಳೆದಂಗ ಸಾಲಾಗಿ ಹಾರೋ ಗುಂಡು, ಮ್ಯಾಲ ಒಂದು ಫೈಟರ್ ಜೆಟ್, ಅದು ಹೊಳ್ಳಿ ತಪ್ಪಿಸ್ಕೊಳ್ಳಾಕ ನೋಡ್ತದ, ರೆಕ್ಕಿಗೆ ಬೆಂಕಿ ಹತ್ತತದ, ಹೊಗಿ ಬಿಟ್ಕೋತ ಕೆಳಗ ಬೀಳ್ತದ. ವಿಡಿಯೋ ಮಬ್ಬು, ಕ್ಯಾಮೆರಾ ಅಳ್ಳಾಡ್ತದ. ಇದು ಆರ್ಮಾ 3 ಅನ್ನೋ ಕಂಪ್ಯೂಟರ್ ಗೇಮ್. ಆಗಿನ ದಿನದಾಗ ಭಾರತ-ಪಾಕಿಸ್ತಾನದ ದಾಳಿ ಅಂತ ಓಡಾಡಿದ ಇಂಥಾ ಕ್ಲಿಪ್ಪುಗಳನ್ನ ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್‌ನವ್ರು ಗೇಮಿನದ್ದು ಅಂತ ಹೇಳಿದ್ರು, ಆದ್ರ ಅಷ್ಟೊತ್ತಿಗೆ ಅವು ಎಷ್ಟು ಗ್ರೂಪ್ ದಾಟಿದ್ವೋ.

ನನಗ ಕಾಡಿದ ಪ್ರಶ್ನೆ ಏನಂದ್ರ, ಗೇಮ್ ಅಷ್ಟು ನಿಜ ಆಗ್ಯಾವೇನು? ಇಲ್ಲಾ ನಾವು ಯುದ್ಧದ ಸುದ್ದಿ ಅಂತ ನೋಡೋದೇ ಗೇಮಿನಂಗ ಆಗದೇನು? ಎರಡನೇದೇ ಹೆಚ್ಚು ಖರೆ ಅಂತ ನನಗ ಅನಿಸ್ತದ, ಯಾಕಂತ ಬಿಡಿಸಿ ಹೇಳ್ತೀನಿ.

ಮೊದಲ ಆರ್ಮಾ ಬಗ್ಗೆ. ಇದನ್ನ ಮಾಡಿದವ್ರು ಜೆಕ್ ದೇಶದ ಬೊಹಿಮಿಯಾ ಇಂಟರಾಕ್ಟಿವ್ ಅನ್ನೋ ಕಂಪನಿ, ಪ್ರಾಗ್ ಊರಿನವ್ರು, ಮೂರನೇ ಭಾಗ ಬಂದದ್ದು 2013ಕ್ಕ. ಇದು ಪಟಪಟ ಗುಂಡು ಹೊಡೆಯೋ ಆಟ ಅಲ್ಲ, ಮಿಲಿಟರಿ ಸಿಮ್ಯುಲೇಟರ್ ಥರದ್ದು, ಗುಂಡು ದೂರ ಹೋದಂಗ ಕೆಳಗ ಬಾಗ್ತದ, ಸೈನಿಕ ಓಡಿದ್ರ ಉಸಿರು ಹತ್ತಿ ಕೈ ನಡುಗ್ತದ, ಮೈಲಿಗಟ್ಟಲೆ ಬಯಲಿನಾಗ ಸುಮ್ನ ನಡ್ಕೋತ ಹೋಗೋದೇ ಅರ್ಧ ಆಟ. ಇನ್ನೊಂದು ವಿಶೇಷ ಅಂದ್ರ ಆಡೋವ್ರೇ ಹೊಸ ವಿಮಾನ, ಹೊಸ ಟ್ಯಾಂಕ್, ಹೊಸ ನಕಾಶೆ ಮಾಡಿ ಸೇರಿಸಬಹುದು, ಅದಕ್ಕ ಮಾಡ್ ಅಂತಾರ. ಹಿಂಗಾಗಿ ಯಾವ ದೇಶದ ಯುದ್ಧ ಬೇಕೋ ಅದನ್ನ ಕಟ್ಟಿ ರೆಕಾರ್ಡ್ ಮಾಡ್ಕೋಬಹುದು. 2022ರ ನವೆಂಬರಿನಾಗ ಕಂಪನಿಯವ್ರೇ ಮುಂದ ಬಂದು ಹೇಳಿಕೆ ಕೊಟ್ರು, ನಮ್ಮ ಗೇಮಿನ ವಿಡಿಯೋನ ಅಫ್ಘಾನಿಸ್ತಾನ, ಸಿರಿಯಾ, ಪ್ಯಾಲೆಸ್ತೀನ್, ಯುಕ್ರೇನ್, ಭಾರತ-ಪಾಕಿಸ್ತಾನ ಅಂತ ಹೇಳಿ ಹರಡ್ಲಿಕತ್ತಾರ, ಒಂದು ತೆಗೆಸಿದ್ರ ದಿನಾ ಹತ್ತು ಹೊಸಾವು ಬರ್ತಾವ, ನಮ್ಮ ಕೈಲಿ ಆಗವಲ್ದು ಅಂತ.

ಈಗ ನಿಜದಂಗ ಅದ ಅಂದ್ರ ಏನು? ಗೇಮಿನವ್ರು ರಿಯಲಿಸ್ಟಿಕ್ ಅಂತ ಜಾಹೀರಾತು ಕೊಡ್ತಾರಲ್ಲ, ಆ ಒಂದು ಮಾತಿನೊಳಗ ಬ್ಯಾರೆ ಬ್ಯಾರೆ ವಿಷಯ ಕೂಡ್ಕೊಂಡಾವ. ಒಂದು ಕಣ್ಣಿಗೆ ಕಿವಿಗೆ ನಿಜ ಅನಿಸೋದು, ಬಂದೂಕಿನ ಮ್ಯಾಲಿನ ಗೀರು, ಬೂಟಿನ ಸಪ್ಪಳ, ಧೂಳು ಇವೆಲ್ಲ. ಇದರಾಗ ಗೇಮಿನವ್ರು ಬಾಳ ದೂರ ಹೋಗ್ಯಾರ. ಇನ್ನೊಂದು ಲೆಕ್ಕ ನಿಜ ಇರೋದು, ಗುಂಡಿನ ವೇಗ, ಗಾಳಿ, ದೂರ. ಆರ್ಮಾ ಇದನ್ನೂ ಮಾಡ್ಯದ. ಆದ್ರ ಗುಂಡು ಬಿದ್ದ ಮನುಷ್ಯನಿಗೆ ಆಮ್ಯಾಲ ಏನಾಗ್ತದ, ಅವನ ಮನಿಗೆ ಏನಾಗ್ತದ, ಆ ಊರಿಗೆ ನೀರು ಕರೆಂಟ್ ಯಾವಾಗ ಬರ್ತದ, ಇದು ಯಾವ ಗನ್ನಿನ ಗೇಮಿನಾಗೂ ಹೆಚ್ಚುಕಮ್ಮಿ ಇಲ್ಲೇ ಇಲ್ಲ. ನಿಜ ಅಂತ ಅವ್ರು ಮಾರೋದು ಮೊದಲಿನ ಎರಡೇ.

ನಮ್ಮೂರಾಗ ಹುಡುಗ್ರು ಆಡೋದು ಹೆಚ್ಚಾಗಿ ಆರ್ಮಾ ಅಲ್ಲ, ಫೋನಿನಾಗಿನ ಗನ್ನಿನ ಗೇಮ್ ಬಿಜಿಎಂಐ. ಪಬ್‌ಜಿ 2020ರ ಸೆಪ್ಟೆಂಬರಿಗೆ ಬ್ಯಾನ್ ಆದ ಮ್ಯಾಲ 2021ರಾಗ ಈ ಹೆಸರಿನಿಂದ ಬಂತು. ಸಂಜಿ ಆದ್ರ ಕಟ್ಟಿ ಮ್ಯಾಲ ನಾಕು ಮಂದಿ ಕುಂತು ಕನ್ನಡ, ಉರ್ದು, ತೆಲುಗು ಮೂರೂ ಕಲಸಿ ಕೂಗ್ತಿರ್ತಾರ, "ಲೇ ಬಿಲ್ಡಿಂಗ್ ಹಿಂದ ಒಬ್ಬ ಅದಾನ ನೋಡಲೇ, ನಾಕ್ ಆಗೀನಿ, ಬಂದು ರಿವೈವ್ ಕೊಡಲೇ." ಈ ನಾಕ್ ಆಗೋದನ್ನ ಸ್ವಲ್ಪ ಸಮೀಪದಿಂದ ನೋಡ್ರಿ. ಗುಂಡು ಬಿದ್ದ ಹುಡುಗ ಮೊಣಕಾಲ ಮ್ಯಾಲ ತೆವಳ್ತಾನ, ಜೊತಿಗಾರ ಬಂದು ಎಬ್ಬಿಸ್ತಾನ, ಫಸ್ಟ್ ಏಡ್ ಕಿಟ್ ಹಾಕ್ಕೊಂಡ್ರ ಆರು ಸೆಕೆಂಡಿನಾಗ ಜೀವ ಮುಕ್ಕಾಲು ತುಂಬ್ತದ, ಮೆಡ್ ಕಿಟ್ ಇದ್ರ ಎಂಟು ಸೆಕೆಂಡಿಗೆ ಪೂರ್ತಿ. ಎದ್ದು ಮತ್ತ ಓಡ್ತಾನ, ಅದೇ ವೇಗದಾಗ. ನಿಜವಾಗಿ ತೊಡಿಗೆ ರೈಫಲ್ ಗುಂಡು ಬಿದ್ರ, ದೊಡ್ಡ ರಕ್ತನಾಳ ಹರಿದಿದ್ರ ನಿಮಿಷಗಳೊಳಗ ಬಿಗಿಯಾಗಿ ಕಟ್ಟದಿದ್ರ ಮನುಷ್ಯ ಉಳಿಯಂಗಿಲ್ಲ, ಉಳಿದ್ರ ಆಪರೇಷನ್ ಮ್ಯಾಲ ಆಪರೇಷನ್, ತಿಂಗಳಗಟ್ಟಲೆ ಹಾಸಿಗಿ, ಎಷ್ಟೋ ಮಂದಿಗೆ ಕಾಲು ಮೊದಲಿನಂಗ ಬರಂಗೇ ಇಲ್ಲ. ಗೇಮ್ ಇದನ್ನ ತೋರಿಸಬೇಕಂತ ನಾ ಹೇಳವಲ್ಲೆ, ತೋರಿಸಿದ್ರ ಅದು ಆಟ ಆಗಿ ಉಳಿಯಂಗಿಲ್ಲ, ಆಟದ ಲೆಕ್ಕದಾಗ ಎಂಟು ಸೆಕೆಂಡ್ ಸರಿನೇ. ಹುಡುಗ್ರಿಗೂ ಇದು ಆಟ ಅಂತ ಚಂದಾಗಿ ಗೊತ್ತದ, ಅವ್ರನ್ನ ದಡ್ಡರು ಅನ್ಕೊಳ್ಳೋದು ಬ್ಯಾಡ. ತೊಂದರಿ ಇರೋದು ನ್ಯೂಸ್ ಕಡೆ, ಯಾಕಂದ್ರ ನ್ಯೂಸೂ ಅದೇ ಗುಂಡು ಬೀಳೋ ತನಕ ತೋರಿಸಿ ಅಲ್ಲಿಗೇ ನಿಂತ್ರ, ನೋಡೋವ್ರಿಗೆ ಎರಡರ ನಡುವಿನ ಫರಕು ಉಳಿಯೋದಾದ್ರೂ ಹ್ಯಾಂಗ?

ಇದು ಶುರುವಾಗಿದ್ದು ಇವತ್ತು ನಿನ್ನಿ ಅಲ್ಲ. 1991ರ ಜನವರಿಯಾಗ ಅಮೆರಿಕ ಇರಾಕಿನ ಮ್ಯಾಲ ಬಾಂಬ್ ಹಾಕಿದಾಗ ಸಿಎನ್‌ಎನ್ ವರದಿಗಾರರು ಬಾಗ್ದಾದಿನ ಅಲ್ ರಶೀದ್ ಹೋಟೆಲಿನಿಂದ ನೇರ ಸುದ್ದಿ ಕೊಟ್ರು, ಲೋಕದ ಜನ ಮನ್ಯಾಗ ಕುಂತು ಯುದ್ಧ ಶುರುವಾಗೋದನ್ನ ಅದೇ ಹೊತ್ತಿಗೆ ಕೇಳಿದ್ರು. ಜೊತಿಗೆ ಅಮೆರಿಕದ ಸೈನ್ಯ ತನ್ನ ಬಾಂಬಿನ ಕ್ಯಾಮೆರಾದ ದೃಶ್ಯ ಪತ್ರಕರ್ತರಿಗೆ ಕೊಡ್ತಿತ್ತು, ಕಪ್ಪು ಬಿಳುಪು ಪರದೆ, ನಡುವ ಒಂದು ಅಡ್ಡಗೆರಿ ಉದ್ದಗೆರಿ, ಒಂದು ಕಟ್ಟಡ ಹತ್ರ ಹತ್ರ ಬರ್ತದ, ಆಮ್ಯಾಲ ಪರದೆ ಬೆಳ್ಳಗ. ಜನ ಅದಕ್ಕ ಆಗಲೇ ವಿಡಿಯೋ ಗೇಮ್ ಯುದ್ಧ ಅಂತ ಹೆಸರಿಟ್ರು. ಆ ದೃಶ್ಯ ಸುಳ್ಳಲ್ಲ, ಆದ್ರ ಆ ಯುದ್ಧದಾಗ ಹಾಕಿದ ಬಾಂಬಿನೊಳಗ ಹಂಗ ಗುರಿ ಹಿಡಿದು ಹೋಗೋವು ನೂರಕ್ಕ ಸುಮಾರು ಎಂಟೊಂಬತ್ತು ಪಾಲು ಮಾತ್ರ, ಉಳಿದಾವೆಲ್ಲ ಹಳೇ ಥರದ ಸಾದಾ ಬಾಂಬು, ಅವುಗಳ ವಿಡಿಯೋ ಯಾರೂ ಹಂಚಲಿಲ್ಲ. ಗುರಿ ಹಿಡಿದು ಹೋದ ಬಾಂಬೂ ಫೆಬ್ರವರಿ 13ಕ್ಕ ಬಾಗ್ದಾದಿನ ಅಮಿರಿಯಾ ಅನ್ನೋ ಕಡೆ ಆಸರೆಗೆ ಕುಂತ ಜನರ ಮ್ಯಾಲೇ ಬಿತ್ತು, ನಾಕುನೂರಕ್ಕೂ ಹೆಚ್ಚು ಸಾಮಾನ್ಯ ಜನ ಸತ್ರು. ಬಾಂಬು ಹೇಳಿದ ಜಾಗಕ್ಕೇ ಹೋಗಿತ್ತು, ಒಳಗ ಯಾರಿದ್ರು ಅನ್ನೋದು ಆ ಕ್ಯಾಮೆರಾಕ್ಕ ಕಾಣಂಗಿರಲಿಲ್ಲ.

ಅಲ್ಲಿಂದ ಗೇಮಿನವ್ರು ನ್ಯೂಸ್ ನೋಡಿ ಕಲಿತ್ರು. 2007ರ ನವೆಂಬರಿಗೆ ಬಂದ ಕಾಲ್ ಆಫ್ ಡ್ಯೂಟಿ ಮಾಡರ್ನ್ ವಾರ್‌ಫೇರ್ ಒಳಗ ಒಂದು ಭಾಗ ಅದ, ನೀವು ಎಸಿ-130 ಅನ್ನೋ ದೊಡ್ಡ ವಿಮಾನದಾಗ ಕುಂತು ಮ್ಯಾಲಿಂದ ಥರ್ಮಲ್ ಕ್ಯಾಮೆರಾದಾಗ ನೋಡ್ಕೋತ ಹೊಡಿಬೇಕು. ಕೆಳಗ ಮನುಷ್ಯರು ಬಿಳಿ ಚುಕ್ಕಿ. ಕಿವ್ಯಾಗ ಸಿಬ್ಬಂದಿ ಬಾಳ ಶಾಂತವಾಗಿ ಮಾತಾಡ್ತಿರ್ತಾರ. ಈ ಗೇಮ್ ಬರೋದಕ್ಕ ನಾಕು ತಿಂಗಳ ಹಿಂದ, 2007ರ ಜುಲೈ 12ಕ್ಕ, ಬಾಗ್ದಾದಿನಾಗ ಅಮೆರಿಕ ಸೈನ್ಯದ ನಿಜವಾದ ಅಪಾಚಿ ಹೆಲಿಕಾಪ್ಟರ್ ಅದೇ ಥರದ ಕ್ಯಾಮೆರಾದಾಗ ನೋಡ್ಕೋತ ಒಂದು ಗುಂಪಿನ ಮ್ಯಾಲ ಗುಂಡು ಹಾರಿಸಿತ್ತು, ಸತ್ತವ್ರೊಳಗ ರಾಯ್ಟರ್ಸ್ ಸುದ್ದಿ ಸಂಸ್ಥೆಯ ಫೋಟೋಗ್ರಾಫರ್ ನಮೀರ್ ನೂರ್-ಎಲ್ದೀನ್ ಮತ್ತ ಅವ್ರ ಜೊತಿಗಾರ ಸಯೀದ್ ಚಮಾಗ್ ಇದ್ರು, ಕೈಯಾಗಿನ ಕ್ಯಾಮೆರಾನ ಆಯುಧ ಅನ್ಕೊಂಡು ಹೊಡೆದಿದ್ರು, ಗಾಯ ಆದವ್ರನ್ನ ಎತ್ಕೊಂಡು ಹೋಗಾಕ ಬಂದ ವ್ಯಾನಿನ ಮ್ಯಾಲೂ ಹೊಡೆದ್ರು, ಅದರಾಗ ಎರಡು ಮಕ್ಕಳು ಇದ್ದು ಗಾಯ ಆದ್ವು. ಆ ವಿಡಿಯೋ ಲೋಕದ ಮುಂದ ಬಂದದ್ದು 2010ರ ಏಪ್ರಿಲಿಗೆ, ಗುಟ್ಟಿನ ದಾಖಲೆ ಬಯಲು ಮಾಡೋ ವಿಕಿಲೀಕ್ಸ್ ಹೊರಗ ಹಾಕಿದಾಗ. ಅಂದ್ರ ಜನ ಅದರ ಗೇಮ್ ಮೊದಲ ಆಡಿದ್ರು, ನಿಜದ್ದು ಸುಮಾರು ಎರಡೂವರಿ ವರ್ಷ ಬಿಟ್ಟು ನೋಡಿದ್ರು. ಎರಡೂ ಪರದೆ ಪಕ್ಕಪಕ್ಕ ಇಟ್ರ ಗುರ್ತ ಸಿಗೋದು ಕಷ್ಟ. ಗೇಮಿನಾಗ ಕೆಳಗಿನ ಬಿಳಿ ಚುಕ್ಕಿಗೆ ಹೆಸರಿಲ್ಲ, ನಿಜದ್ದರಾಗ ಅದಕ್ಕ ಹೆಸರು ಸಿಕ್ಕದ್ದು ರಾಯ್ಟರ್ಸಿನವ್ರು ತಮ್ಮವ್ರು ಹ್ಯಾಂಗ ಸತ್ರು ಅಂತ ವರ್ಷಗಟ್ಟಲೆ ಕೇಳ್ಕೋತ ಬಂದಿದ್ದಕ್ಕ. ಸುದ್ದಿಯವ್ರ ಕೆಲಸ ಅಂದ್ರ ಇದು ಅಂತ ನಾ ಗಟ್ಟಿಯಾಗಿ ನಂಬೀನಿ.

ಹಂಗಿದ್ರ ಟಿವಿಯವ್ರು ಯಾಕ ಗೇಮಿನ ತುಣುಕಿಗೆ ಬೀಳ್ತಾರ? ಬಿದ್ದದ್ದು ಒಂದಲ್ಲ ಎರಡಲ್ಲ. 2011ಕ್ಕ ಬ್ರಿಟನ್ನಿನ ಐಟಿವಿ ಒಂದು ಡಾಕ್ಯುಮೆಂಟರಿಯೊಳಗ ಐರ್ಲೆಂಡಿನ ಬಂಡುಕೋರ ಗುಂಪು ಐಆರ್‌ಎ ಹೆಲಿಕಾಪ್ಟರ್ ಹೊಡೆದದ್ದು ಅಂತ ಆರ್ಮಾ 2ರ ತುಣುಕು ಹಾಕಿತ್ತು, ಅಲ್ಲಿನ ಮಾಧ್ಯಮ ನಿಯಂತ್ರಣದ ಆಫ್‌ಕಾಮ್ ತಪ್ಪು ಅಂತ ತೀರ್ಪು ಕೊಡ್ತು. 2017ರ ನವೆಂಬರಿಗೆ ರಷ್ಯಾದ ರಕ್ಷಣಾ ಇಲಾಖೆಯೇ ಅಮೆರಿಕದ ವಿರುದ್ಧ ಸಾಕ್ಷಿ ಅಂತ ಹಾಕಿದ ಚಿತ್ರದೊಳಗ ಒಂದು ಮೊಬೈಲ್ ಗೇಮಿಂದು ಇತ್ತು. ನಮ್ಮ ದೇಶದ ಕೆಲವು ಚಾನೆಲ್‌ನವ್ರೂ 2021ರ ಸೆಪ್ಟೆಂಬರಿನಾಗ ಅಫ್ಘಾನಿಸ್ತಾನದ ಪಂಜ್‌ಶೀರ್ ಕಣಿವಿ ಮ್ಯಾಲ ಪಾಕಿಸ್ತಾನದ ವಿಮಾನ ದಾಳಿ ಅಂತ ಆರ್ಮಾ ತುಣುಕು ತೋರಿಸಿದ್ರು. ಕಾರಣ ಹುಡುಕಿದ್ರ ಚಿತ್ರದ ಹಸಿವು ಅಂತ ಹೇಳಬೇಕಾಗ್ತದ. ಟಿವಿಗೆ ಇಪ್ಪತ್ನಾಕು ತಾಸು ಚಿತ್ರ ಬೇಕು, ಯುದ್ಧದ ಜಾಗದಿಂದ ಚಿತ್ರ ಬರಂಗಿಲ್ಲ. ಬರಂಗಿಲ್ಲ ಅನ್ನೋದಕ್ಕ ಸರಿಯಾದ ಕಾರಣಾನೂ ಅದಾವ. 2008ರ ಮುಂಬೈ ದಾಳಿಯಾಗ ಕಮಾಂಡೋಗಳು ಎಲ್ಲಿ ಇಳೀತಾರ ಅನ್ನೋದನ್ನ ಟಿವಿಯವ್ರು ಲೈವ್ ತೋರಿಸಿದ್ರು, ಆ ಕಡೆ ಉಗ್ರರಿಗೆ ಫೋನಿನಾಗ ಹೇಳ್ಕೊಡ್ತಿದ್ದವ್ರು ಅದೇ ಟಿವಿ ನೋಡ್ತಿದ್ರು, 2012ಕ್ಕ ಕಸಬ್ ಕೇಸಿನ ತೀರ್ಪಿನಾಗ ಸುಪ್ರೀಂ ಕೋರ್ಟ್ ಇದನ್ನ ಕಟುವಾಗಿ ಟೀಕಿಸ್ತು. ಅದಕ್ಕೇ ಪಹಲ್ಗಾಮ್ ದಾಳಿ ಆದ ಮ್ಯಾಲ 2025ರ ಏಪ್ರಿಲ್ 26ಕ್ಕ ಕೇಂದ್ರದ ವಾರ್ತಾ ಇಲಾಖೆ ಸೈನ್ಯದ ಓಡಾಟ ಲೈವ್ ತೋರಿಸಬ್ಯಾಡ್ರಿ ಅಂತ ಸೂಚನೆ ಕೊಡ್ತು, ಕಾರ್ಗಿಲ್, ಕಂದಹಾರ್, ಮುಂಬೈ ಮೂರರದ್ದೂ ನೆನಪು ಮಾಡಿ. ಈ ಸೂಚನೆ ಸರಿ ಅದ, ಇದರಿಂದ ಜೀವ ಉಳಿತಾವ.

ಆದ್ರ ಚಿತ್ರ ಇಲ್ಲದ ಆ ಖಾಲಿ ಜಾಗ ಖಾಲಿ ಉಳಿಯಂಗಿಲ್ಲ ನೋಡ್ರಿ. ಅದರಾಗ ಬಂದು ಕುಂಡ್ರೋದು ಸ್ಟುಡಿಯೋದಾಗಿನ ಗ್ರಾಫಿಕ್ಸ್ ಟ್ಯಾಂಕು, ನೆಲದ ಮ್ಯಾಲ ಓಡಾಡೋ ನಕಾಶೆ, ಹಳೇ ಕವಾಯತಿನ ವಿಡಿಯೋ, ಎಲ್ಲಿಂದಲೋ ಬಂದ ಮಬ್ಬು ಕ್ಲಿಪ್, ಹಿನ್ನೆಲೆಗೆ ಡೋಲು. ಆ ಮೇ ತಿಂಗಳ ರಾತ್ರಿಯೊಳಗ ಕರಾಚಿ ಬಂದರು ನಾಶ ಆತು ಅಂತ ಸೈತ ಕೆಲವು ಚಾನೆಲ್ ಹೇಳಿದ್ವು, ಆಗಿರಲಿಲ್ಲ. ಸೈರನ್ ಅಂತೂ ತಾಸಿಗೊಮ್ಮೆ. ಕೊನಿಗೆ ಮೇ 10ಕ್ಕ ಸಿವಿಲ್ ಡಿಫೆನ್ಸ್ ನೋಡ್ಕೊಳ್ಳೋ ಅಧಿಕಾರಿಗಳೇ ಚಾನೆಲ್‌ಗಳಿಗೆ, ಜನಜಾಗೃತಿಗೆ ಬಿಟ್ಟು ಬ್ಯಾರೆದಕ್ಕ ಕಾರ್ಯಕ್ರಮದಾಗ ವಾಯುದಾಳಿ ಸೈರನ್ ಬಳಸಬ್ಯಾಡ್ರಿ, ಜನಕ್ಕ ರೂಢಿ ಆಗಿಬಿಟ್ರ ನಿಜವಾದ ಸೈರನ್ ಆದಾಗ ಯಾರೂ ಏಳಂಗಿಲ್ಲ ಅಂತ ಹೇಳಬೇಕಾತು. ಮಾಕ್ ಡ್ರಿಲ್ ಪಟ್ಟಿಯೊಳಗ ಇರೋ ಊರಿನವ್ರಿಗೆ ಈ ಮಾತು ಎಷ್ಟು ತೂಕದ್ದು ಅಂತ ಬಿಡಿಸಿ ಹೇಳೋದು ಬ್ಯಾಡ. ಗೇಮಿನಾಗ ಸೈರನ್ ಆದ್ರ ಅದು ರೋಮಾಂಚನಕ್ಕ, ಊರಾಗ ಆದ್ರ ಅದು ಮಕ್ಕಳನ್ನ ಎತ್ಕೊಂಡು ಕೆಳಗ ಇಳೀರಿ ಅಂತ. ಎರಡನ್ನೂ ಒಂದೇ ಮಾಡಿದ್ದು ಗೇಮಿನವ್ರಲ್ಲ.

ಯುದ್ಧದ ಸುದ್ದಿ ಉಬ್ಬೋದು ಹೊಸದೇನಲ್ಲ ಬಿಡ್ರಿ, ನಮ್ಮ ರಾಯಚೂರಿನ ಕೋಟಿ ಸಲುವಾಗಿ 1520ಕ್ಕ ಕೃಷ್ಣದೇವರಾಯಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹಗೂ ಆದ ಯುದ್ಧದ ಬಗ್ಗೆ ಪೋರ್ಚುಗೀಸ್ ನೂನಿಜ್ ಬರೆದಾನ, ರಾಯನ ಸೈನ್ಯದಾಗ ಏಳು ಲಕ್ಷ ಮೂರು ಸಾವಿರ ಕಾಲಾಳು ಇದ್ರಂತ. ಆ ಸಂಖ್ಯೆ ಇತಿಹಾಸಕಾರರು ಹಂಗೇ ನುಂಗಂಗಿಲ್ಲ. ಆದ್ರ ಅದೇ ನೂನಿಜ್, ಯುದ್ಧ ಆಗಿ ಹದಿನೈದು ವರ್ಷ ಕಳೆದ ಮ್ಯಾಲ ಬರೆದ್ರೂ, ಗೆದ್ದವ್ರ ಕಡೆನೂ ಹದಿನಾರು ಸಾವಿರ ಜನ ಸತ್ರು ಅಂತ ಬರೆದಾನ. ಗೆದ್ದವ್ರ ಹೆಣಾನೂ ಎಣಿಸ್ಯಾನ ಅನ್ನೋದು ದೊಡ್ಡದು, ಇವತ್ತಿನ ಎಷ್ಟೋ ರಾತ್ರಿ ಕಾರ್ಯಕ್ರಮದಾಗ ಅಷ್ಟೂ ಇರಂಗಿಲ್ಲ.

ಎಲ್ಲಾ ಗೇಮೂ ಒಂದೇ ಅಂತ ಅಲ್ಲ. ಪೋಲೆಂಡಿನ 11 ಬಿಟ್ ಸ್ಟುಡಿಯೋಸ್ 2014ಕ್ಕ ದಿಸ್ ವಾರ್ ಆಫ್ ಮೈನ್ ಅಂತ ಒಂದು ಮಾಡಿದ್ರು, ಬೋಸ್ನಿಯಾದ ಸರಾಯೆವೊ ಪಟ್ಟಣಕ್ಕ 1992ರಿಂದ ಸುಮಾರು ನಾಕು ವರ್ಷ ಮುತ್ತಿಗಿ ಹಾಕಿದ್ರಲ್ಲ, ಅದರಿಂದ ಪ್ರೇರಣೆ ತಗೊಂಡು. ಇದರಾಗ ನೀವು ಸೈನಿಕ ಅಲ್ಲ, ಒಡೆದ ಮನ್ಯಾಗ ಉಳಿದ ಮೂರು ನಾಕು ಸಾಮಾನ್ಯ ಜನ. ಹಗಲು ಹೊರಗ ಹೋದ್ರ ಗುಂಡು, ರಾತ್ರಿ ಹೋಗಿ ಔಷಧ, ಊಟ, ಕಟ್ಟಿಗಿ ಹುಡುಕ್ಬೇಕು. ಒಬ್ಬರಿಗೆ ಜ್ವರ ಬಂದಿರ್ತದ, ಇನ್ನೊಂದು ಮನ್ಯಾಗ ಒಬ್ಬ ಮುದುಕ ಮುದುಕಿ ಇರ್ತಾರ, ಅವ್ರ ಔಷಧ ಕದ್ರ ನಿಮ್ಮವ್ರು ಉಳೀತಾರ, ಕದ್ದವ ಆಮ್ಯಾಲ ಮನಸ್ಸು ಕುಸಿದು ಕುಂಡ್ರತಾನ. ಚಿತ್ರ ಪೆನ್ಸಿಲಿನಾಗ ಬರೆದಂಗ ಅದ, ಆರ್ಮಾದಷ್ಟು ಚಂದ ಇಲ್ಲ, ಆದ್ರೂ ನನ್ನ ಪ್ರಕಾರ ಯುದ್ಧಕ್ಕ ಅದು ಹೆಚ್ಚು ಹತ್ರ. 2020ಕ್ಕ ಪೋಲೆಂಡ್ ಸರ್ಕಾರ ಇದನ್ನ ಶಾಲಿ ಮಕ್ಕಳ ಓದಿನ ಪಟ್ಟಿಗೆ ಸೇರಿಸೋದಾಗಿ ಹೇಳ್ತು. ಆರ್ಮಾದವ್ರೂ 2017ಕ್ಕ ರೆಡ್ ಕ್ರಾಸ್ ಜೊತಿ ಕೂಡಿ ಯುದ್ಧದ ಕಾನೂನಿನ ಬಗ್ಗೆ ಒಂದು ಭಾಗ ಮಾಡಿದ್ರು, ಅದರಾಗ ನೀವು ಯುದ್ಧ ಮುಗಿದ ಮ್ಯಾಲ ಹಳ್ಳಿಯೊಳಗ ಉಳಿದ ನೆಲಬಾಂಬ್ ತೆಗೆಯೋನು. ಇನ್ನೊಂದು ಕಡೆ 2019ರ ಮಾಡರ್ನ್ ವಾರ್‌ಫೇರ್ ಒಳಗ ಹೈವೇ ಆಫ್ ಡೆತ್ ಅಂತ ಒಂದು ಭಾಗ ಇಟ್ಟು, ಊಹೆಯ ದೇಶದಾಗ ರಷ್ಯಾದವ್ರು ಹೆದ್ದಾರಿ ಮ್ಯಾಲ ಓಡಿಹೋಗೋವ್ರ ಮ್ಯಾಲ ಬಾಂಬ್ ಹಾಕಿದ್ರು ಅಂತ ಕಥಿ ಮಾಡ್ಯಾರ. ಆ ಹೆಸರಿನ ನಿಜವಾದ ಘಟನೆ 1991ರ ಫೆಬ್ರವರಿ ಕೊನಿಗೆ ಕುವೈತಿನಿಂದ ಬಸ್ರಾಕ್ಕ ಹೋಗೋ ದಾರಿಯಾಗ ಆದದ್ದು, ವಾಪಸ್ ಹೊಂಟ ಇರಾಕಿ ವಾಹನಗಳ ಮ್ಯಾಲ ಬಾಂಬ್ ಹಾಕಿದ್ದು ಅಮೆರಿಕ ಮತ್ತ ಅದರ ಜೊತಿಗಾರ ದೇಶ. ಬಂದೂಕಿನ ಬೋಲ್ಟ್ ತನಕ ನಿಜ ಇಟ್ಟು, ಹೊಡೆದವ್ರು ಯಾರು ಅನ್ನೋದನ್ನ ಬದಲಿ ಮಾಡೋದು ನನಗ ತುಂಬಾ ಸಿಟ್ಟು ತರಿಸ್ತದ.

ಈಗ ಫೋನಿಗೆ ಬಂದ ವಿಡಿಯೋ ಹ್ಯಾಂಗ ನೋಡ್ಬೇಕು. ಮೊದಲ ಮನುಷ್ಯರನ್ನ ಹುಡುಕ್ರಿ, ಗೇಮಿನ ಕ್ಲಿಪ್ಪಿನಾಗ ಟ್ಯಾಂಕು, ವಿಮಾನ ಚಂದ ಇರ್ತಾವ, ಮನುಷ್ಯರು ಇರಂಗಿಲ್ಲ ಇಲ್ಲಾ ಕಟ್ಟಿಗಿ ಗೊಂಬಿಯಂಗ ಓಡಾಡ್ತಾರ, ಅದಕ್ಕೇ ಹರಡೋವ್ರು ರಾತ್ರಿ ದೃಶ್ಯ, ಮಬ್ಬು ವಿಡಿಯೋನೇ ಆರಿಸ್ತಾರ. ಹೊಗಿ, ಧೂಳು ಒಂದೇ ಥರ ಬುಸ್ ಬುಸ್ ಅಂತ ಎದ್ದು ಬೇಗ ಮಾಯ ಆಗ್ತಾವ. ಧ್ವನಿ ಕೇಳ್ರಿ, ಬೆಂಕಿ ಕಂಡದ್ದು ಕಿಲೋಮೀಟರ್ ದೂರ ಅಂದ್ರ ಸಪ್ಪಳ ಬರಾಕ ಮೂರು ಸೆಕೆಂಡ್ ಬೇಕು, ಮಿಂಚು ಕಂಡು ಆಮ್ಯಾಲ ಗುಡುಗು ಕೇಳಿದಂಗ, ಎರಡೂ ಕೂಡೇ ಬಂದ್ರ ಯಾರೋ ಧ್ವನಿ ಅಂಟಿಸ್ಯಾರ. ಇಷ್ಟು ದೊಡ್ಡ ಸ್ಫೋಟ ಆದಾಗ ವಿಡಿಯೋ ಮಾಡೋನು ಉಸಿರು ಬಿಡಂಗಿಲ್ಲ, ಚೀರಂಗಿಲ್ಲ, ನಾಯಿ ಬೊಗಳಂಗಿಲ್ಲ ಅಂದ್ರೂ ಅನುಮಾನ ಪಡ್ರಿ. ಒಂದು ಫ್ರೇಮ್ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸಿಗೆ ಹಾಕಿದ್ರ ಹಳೇ ವಿಡಿಯೋ ಎಷ್ಟೋ ಸಲ ಅಲ್ಲೇ ಸಿಗ್ತದ. ಇದನ್ನ ಗೇಮ್ ಆಡೋ ಹುಡುಗ್ರು ನಮಗಿಂತ ಬೇಗ ಹಿಡೀತಾರ, ಮನ್ಯಾಗ ಅಂಥವ್ರಿದ್ರ ಅವ್ರನ್ನೇ ಕೇಳ್ರಿ.

ಸುಳ್ಳು ಹಿಡಿಯೋದು ಸಲೀಸಿನ ಭಾಗ. ಯುಕ್ರೇನಿನಿಂದ ಬರೋ ಡ್ರೋನ್ ವಿಡಿಯೋ ನೋಡ್ರಿ, ಬಹಳಷ್ಟು ಅಪ್ಪಟ ನಿಜ. ಡ್ರೋನ್ ಒಂದು ಗಾಡಿ ಕಡೆ ಹೋಗ್ತದ, ಹತ್ರ ಆಗ್ತದ, ಪರದೆ ಚರ್ ಅಂತ ಹೋಗ್ತದ, ಮುಗೀತು. ಅಲ್ಲಿ ಸೈನ್ಯದ ಘಟಕಗಳು ಹೊಡೆದದ್ದರ ವಿಡಿಯೋ ಸಲ್ಲಿಸಿ ಪಾಯಿಂಟ್ ಗಳಿಸಿ ಆ ಪಾಯಿಂಟಿಗೆ ಹೊಸ ಡ್ರೋನ್ ತಗೊಳ್ಳೋ ವ್ಯವಸ್ಥಿನೂ ಬಂದದ, ಅಂದ್ರ ಗೇಮಿನ ಸ್ಕೋರ್ ಪದ್ಧತಿ ನಿಜ ಯುದ್ಧಕ್ಕೇ ಇಳಿದದ. ಇಂಥಾ ವಿಡಿಯೋಗೆ ಲೆನ್ಸ್ ಹಾಕಿದ್ರ ಸುಳ್ಳು ಅನ್ನೋದಕ್ಕ ಏನೂ ಸಿಗಂಗಿಲ್ಲ. ಆದ್ರ ಇದನ್ನ ಬಿಟ್ಟವ್ರು ಯಾರು, ಗುರಿ ತಪ್ಪಿದ ಎಷ್ಟು ವಿಡಿಯೋ ಇಟ್ಕೊಂಡಾರ, ಗಾಡಿಯೊಳಗ ಯಾರಿದ್ರು, ಇದಕ್ಕ ಉತ್ತರ ವಿಡಿಯೋದಾಗ ಇರಂಗಿಲ್ಲ. ಅದು ಬೇಕಂದ್ರ ಒಬ್ಬ ವರದಿಗಾರ ಆ ಜಾಗಕ್ಕ ಕಾಲಿಂದ ನಡ್ದು ಹೋಗಬೇಕು. ಗಾಜಾದಾಗ 2023ರ ಅಕ್ಟೋಬರಿನಿಂದ ನೂರಕ್ಕೂ ಹೆಚ್ಚು ಪತ್ರಕರ್ತರು ಸತ್ತಾರ, ಬಹುತೇಕ ಅಲ್ಲಿನ ಊರಿನವ್ರೇ, ಹೊರಗಿನ ವರದಿಗಾರರನ್ನ ಇಸ್ರೇಲ್ ಸ್ವತಂತ್ರವಾಗಿ ಒಳಗ ಬಿಟ್ಟಿರಲಿಲ್ಲ. ಅಂಥವ್ರು ಬರೆದದ್ದು ಎಷ್ಟೋ ಸಲ ದಾಳಿ ಆಗಿ ಎರಡು ಮೂರು ದಿನ ಬಿಟ್ಟು ಬರ್ತದ, ವಿಡಿಯೋ ಇಲ್ಲದ ಉದ್ದನ್ನ ಬರಹ, ಸತ್ತವ್ರ ಹೆಸರು, ವಯಸ್ಸು, ಆ ಹೊತ್ತಿಗೆ ಏನು ಮಾಡ್ತಿದ್ರು ಅಂತ. ಗ್ರೂಪಿನಾಗ ಅದನ್ನ ಯಾರೂ ಫಾರ್ವರ್ಡ್ ಮಾಡಂಗಿಲ್ಲ, ಹುಡುಕಿ ಓದಬೇಕಾಗ್ತದ.